ತಂಬೂರಿ ಎಲ್ಲಿ ಹೋತು? ದೊಡ್ಡ ಸ್ಪೀಕರ್ ಬಿಟ್ಟು ಚಿಕ್ಕದು ತಂದಾಗ ಆಗುವುದೇನು

[ಹಾಲ್‌ನಲ್ಲಿ ಎರಡು ಚಿಕ್ಕ ಸ್ಪೀಕರ್. ತಂಬೂರಿ ನುಡಿಯುತ್ತಿದೆ.]

ನಮಸ್ಕಾರ. ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ಈ ವಿಡಿಯೋ ನೋಡಿ. ಇವತ್ತು ನಾನು ಹೇಳಬೇಕಾದ ಸದ್ದು ಫೋನಿನ ಸ್ಪೀಕರ್‌ನಲ್ಲಿ ಕೇಳುವುದೇ ಇಲ್ಲ.

ಹೋದ ವರ್ಷ ಅಪ್ಪ ಧಾರವಾಡದ ಮನೆ ಬಿಟ್ಟು ಬೆಂಗಳೂರಿಗೆ, ನಮ್ಮ ಫ್ಲ್ಯಾಟಿಗೆ ಬಂದರು. ಅಲ್ಲಿನ ಪಡಸಾಲೆಯಲ್ಲಿ ನಲವತ್ತು ವರ್ಷದಿಂದ ಒಂದು ಜೋಡಿ ಸ್ಪೀಕರ್ ಇದ್ದವು. ಮುಂಬೈನ ಲ್ಯಾಮಿಂಗ್ಟನ್ ರೋಡಿನಿಂದ 12 ಇಂಚಿನ ವೂಫರ್ (ಸ್ಪೀಕರ್‌ನಲ್ಲಿ ತಗ್ಗಿನ ಸ್ವರ ನುಡಿಸುವ ಭಾಗ) ತಂದು, ಊರಿನ ಬಡಿಗೇರರಿಂದ ಸಾಗವಾನಿ ಪೆಟ್ಟಿಗೆ ಮಾಡಿಸಿದ್ದರು. ಒಂದೊಂದು ಪೆಟ್ಟಿಗೆಯೂ ಸೊಂಟದೆತ್ತರ. ಮಲ್ಲಿಕಾರ್ಜುನ ಮನ್ಸೂರರ ದನಿಯನ್ನು ನಾನು ಮೊದಲು ಕೇಳಿದ್ದು ಅದರಲ್ಲೇ.

ನಮ್ಮ ಹಾಲ್ 14 ಅಡಿ ಉದ್ದ, 10 ಅಡಿ ಅಗಲ. ದಿವಾನ, ಊಟದ ಮೇಜು, ಮಗಳ ಸೈಕಲ್ ಎಲ್ಲ ಅಲ್ಲೇ. ಆ ಪೆಟ್ಟಿಗೆಗಳನ್ನು ಇಟ್ಟರೆ ಬಾಲ್ಕನಿಯ ಬಾಗಿಲು ತೆಗೆಯುವುದಕ್ಕೂ ಆಗುವುದಿಲ್ಲ. ಹಾಗಾಗಿ 5 ಇಂಚಿನ ವೂಫರ್ ಇರುವ ಹೊಸ ಜೋಡಿ ತಂದೆ. ಮೊದಲ ಸಂಜೆ ಅಪ್ಪ ಅರ್ಧ ಗಂಟೆ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕೇಳಿದರು: "ಹಾಡು ಚಲೋ ಕೇಳಸ್ತದ. ಆದ್ರ ತಂಬೂರಿ ಎಲ್ಲಿ ಹೋತಪಾ?"

ಈ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಎರಡು ತಿಂಗಳು ಹಿಡಿಯಿತು.

[ತಂಬೂರಿಯ ನಾಲ್ಕು ತಂತಿಗಳು, ಹತ್ತಿರದಿಂದ.]

ಗಂಡು ದನಿಯ ತಂಬೂರಿ ನೋಡಿ. ಕರಿ ಒಂದರ ಶ್ರುತಿ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಮನೆಯ ಸ್ವರ, ಅಂದುಕೊಳ್ಳೋಣ. ನಡುವಿನ ಎರಡು ತಂತಿ ಷಡ್ಜ, ಸುಮಾರು 139 ಹರ್ಟ್ಸ್, ಅಂದರೆ ಸೆಕೆಂಡಿಗೆ 139 ಕಂಪನ. ಕೊನೆಯದು ಖರ್ಜ, ಅದರ ಅರ್ಧ. ಅಂದರೆ 69 ಹರ್ಟ್ಸ್. ಈ ಖರ್ಜದ ತಂತಿಯ ಮೇಲೇ ಉಳಿದ ನಾದ ಕೂತಿರುತ್ತದೆ.

ಹೊಸ ಸ್ಪೀಕರ್‌ನಲ್ಲಿ ತಂಬೂರಿಯ ಝೇಂಕಾರ ಇತ್ತು. ಜವಾರಿಯ (ತಂತಿ ಕುದುರೆಗೆ ಸವರಿ ಹುಟ್ಟುವ ಗುಂಜನದ) ಮಿನುಗು ಹಳೆಯದಕ್ಕಿಂತ ಸ್ಪಷ್ಟವಾಗಿಯೇ ಇತ್ತು. ಅದೆಲ್ಲ ಮೇಲಿನ ಸ್ವರಾಂಶಗಳ, ಅಂದರೆ ಮೂಲ ಕಂಪನದ ಎರಡು, ಮೂರು, ನಾಲ್ಕು ಪಟ್ಟಿನ ಕಂಪನಗಳ, ಕೆಲಸ. ತಳದ ಸದ್ದು ಇಲ್ಲದಿದ್ದರೂ ಮೇಲಿನವನ್ನು ಹಿಡಿದು ಶ್ರುತಿ ಯಾವುದು ಅಂತ ನಮ್ಮ ಮಿದುಳು ಗುರುತಿಸುತ್ತದೆ. ಆದರೆ ಆ ತೂಕ ಇರುವುದಿಲ್ಲ. ಅಪ್ಪ ಹುಡುಕುತ್ತಿದ್ದದ್ದು ಆ ತೂಕವನ್ನು.

ಮೊದಲು ನಾನು ಬೈದದ್ದು ಸ್ಪೀಕರ್‌ನ ಗಾತ್ರವನ್ನು. ಅದರಲ್ಲಿ ಸ್ವಲ್ಪ ನಿಜ ಇದೆ. ತಗ್ಗಿನ ಸ್ವರದ ಸದ್ದು ಬರಬೇಕಾದರೆ ವೂಫರ್‌ನ ಕೋನ್, ಅಂದರೆ ಮುಂದೆ ಹಿಂದೆ ಅಲುಗುವ ತಟ್ಟೆ, ಗಾಳಿಯನ್ನು ಜಾಸ್ತಿ ತಳ್ಳಬೇಕು. 12 ಇಂಚಿನ ಕೋನ್‌ನ ವಿಸ್ತೀರ್ಣ 5 ಇಂಚಿನದಕ್ಕಿಂತ ಸುಮಾರು ಆರು ಪಟ್ಟು. ಅಷ್ಟೇ ಅಲ್ಲ, ಒಂದು ಸಪ್ತಕ ಕೆಳಗಿಳಿದು ಅಷ್ಟೇ ಜೋರು ಕೇಳಿಸಬೇಕಾದರೆ ಕೋನ್ ನಾಲ್ಕು ಪಟ್ಟು ದೂರ ಹೋಗಿ ಬರಬೇಕು. ಪುಟ್ಟ ಕೋನ್ ಎಷ್ಟು ಅಂತ ಓಡಾಡುತ್ತದೆ?

ಇಲ್ಲೊಂದು ಹಳೆಯ ಕಥೆ ಹೇಳಲೇಬೇಕು, ನನಗೆ ತುಂಬಾ ಇಷ್ಟದ್ದು. 1950ರ ಆರಂಭದಲ್ಲಿ ಒಳ್ಳೆಯ ಬೇಸ್ (ತಗ್ಗಿನ ಸ್ವರದ ಸದ್ದು) ಬೇಕು ಅಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು. ಅಮೆರಿಕದ ಎಡ್ಗರ್ ವಿಲ್ಚರ್ ಅವರು ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಆಗಿ ಬಳಸಿದರು. 1954ರಲ್ಲಿ ಅವರ ಕಂಪನಿ ಅಕೌಸ್ಟಿಕ್ ರಿಸರ್ಚ್, ಎಆರ್-1 ಅನ್ನುವ ಸ್ಪೀಕರ್ ತಂದಿತು. ಅದರಲ್ಲೂ 12 ಇಂಚಿನ ವೂಫರ್, ಆದರೆ ಪೆಟ್ಟಿಗೆ ಕಪಾಟಿನಲ್ಲಿ ಇಡುವಷ್ಟು ಚಿಕ್ಕದು. ಅಂದರೆ ನಾವು ಇವತ್ತು ದೊಡ್ಡದು ಅನ್ನುವ 12 ಇಂಚಿನ ವೂಫರ್‌ನ ಸ್ಪೀಕರ್ ಒಂದು ಕಾಲಕ್ಕೆ ಚಿಕ್ಕದು ಅನ್ನಿಸಿಕೊಂಡಿತ್ತು. ಅವತ್ತೂ ಯಾರದೋ ಅಪ್ಪ ಹಳೆಯದೇ ಚೆನ್ನಾಗಿತ್ತು ಅಂದಿರಬಹುದು, ಅಲ್ವಾ?

ಆ ಕಾಲದ ಎಂಜಿನಿಯರ್ ಜೋಸೆಫ್ ಆಂಟನ್ ಹಾಫ್‌ಮನ್ ಅವರ ಹೆಸರಿನಲ್ಲಿ ಒಂದು ನಿಯಮ ಇದೆ. ಚಿಕ್ಕ ಪೆಟ್ಟಿಗೆ, ಆಳದ ಬೇಸ್, ಕಡಿಮೆ ವಿದ್ಯುತ್ತಿನಲ್ಲಿ ಜೋರು ಸದ್ದು. ಮೂರರಲ್ಲಿ ಎರಡು ಆರಿಸಿಕೊಳ್ಳಿ, ಮೂರನೆಯದನ್ನು ಬಿಡಬೇಕು. ಹೊಸ ಸ್ಪೀಕರ್‌ಗಳು ಬಿಡುವುದು ಸಾಮಾನ್ಯವಾಗಿ ಮೂರನೆಯದನ್ನು. ಸೆನ್ಸಿಟಿವಿಟಿ (ಒಂದು ವಾಟ್‌ಗೆ ಸ್ಪೀಕರ್ ಎಷ್ಟು ಜೋರು ಅನ್ನುವ ಅಳತೆ) 91 ಡೆಸಿಬಲ್ ಇದ್ದದ್ದು 85ಕ್ಕೆ ಇಳಿದರೆ, ಅಷ್ಟೇ ಜೋರಿಗೆ ನಾಲ್ಕು ಪಟ್ಟು ವಾಟ್ ಬೇಕು. ಹಳೆಯ ಆಂಪ್ಲಿಫೈಯರ್‌ಗೇ ಹೊಸ ಸ್ಪೀಕರ್ ಹಚ್ಚುವವರು ಹಿಂಭಾಗದ ಚೀಟಿಯಲ್ಲಿ ಓಮ್ (ಕರೆಂಟಿಗೆ ಒಡ್ಡುವ ತಡೆಯ ಅಳತೆ) ಎಷ್ಟು ಅಂತಲೂ ನೋಡಿ. 8 ಓಮ್‌ಗೆ ಮಾಡಿದ ಆಂಪ್ಲಿಫೈಯರ್‌ಗೆ 4 ಓಮ್‌ನ ಸ್ಪೀಕರ್ ಹಚ್ಚಿದರೆ ಆಂಪ್ಲಿಫೈಯರ್ ಅತಿಯಾಗಿ ಬಿಸಿಯಾಗಬಹುದು.

ಇಷ್ಟೆಲ್ಲ ಓದಿಕೊಂಡರೂ ಒಂದು ವಿಷಯ ಕೊರೆಯುತ್ತಿತ್ತು. ನನ್ನ ಹೊಸ ಸ್ಪೀಕರ್ 55 ಹರ್ಟ್ಸ್‌ವರೆಗೆ ಇಳಿಯಬೇಕು. ಖರ್ಜ ಇರುವುದು 69ರಲ್ಲಿ. ಹಾಗಿದ್ದರೆ ಅದು ಕೇಳಬೇಕಿತ್ತಲ್ಲ?

[ಹಾಲ್‌ನ ನಕ್ಷೆ. ಕುರ್ಚಿಯಿಂದ ಹಿಂದಿನ ಗೋಡೆಗೆ ಒಂದು ಗೆರೆ: 4 ಅಡಿ.]

ಒಂದು ದಿನ ಅಪ್ಪ ಇಲ್ಲದಾಗ ತಂಬೂರಿ ಹಚ್ಚಿ, ಸುಮ್ನೆ ನೆಲ ಒರೆಸುತ್ತಿದ್ದೆ. ದಿವಾನದ ಹಿಂದಿನ ಗೋಡೆಯ ಹತ್ತಿರ ಹೋದಾಗ ಎದೆಗೆ ಗುಂ ಅಂತ ತಾಗಿತು. ಖರ್ಜ ಅಲ್ಲಿತ್ತು! ಅಪ್ಪನ ಕುರ್ಚಿಗೆ ಬಂದು ಕೂತರೆ ಮಾಯ.

69 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 16 ಅಡಿ. ಅಪ್ಪನ ಕುರ್ಚಿ ಹಿಂದಿನ ಗೋಡೆಯಿಂದ 4 ಅಡಿ ಮುಂದಿತ್ತು. ಅಲೆ ಕಿವಿ ದಾಟಿ, 4 ಅಡಿ ಹೋಗಿ ಗೋಡೆಗೆ ಬಡಿದು, 4 ಅಡಿ ವಾಪಸ್ ಬರುತ್ತದೆ. ಒಟ್ಟು 8 ಅಡಿ, ಸರಿಯಾಗಿ ಅರ್ಧ ಅಲೆ. ಮುಂದಿನಿಂದ ಬರುವ ಅಲೆ ಏರುವಾಗ ವಾಪಸ್ ಬಂದದ್ದು ಇಳಿಯುತ್ತಿರುತ್ತದೆ. ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಅಪ್ಪ ಕೂತ ಜಾಗದಲ್ಲೇ ತಂಬೂರಿ ಅಳಿಸಿಹೋಗುತ್ತಿತ್ತು.

ಬೇಸ್ ತಿರುಗಿಸಿ ಜಾಸ್ತಿ ಮಾಡಿದರೂ ಇದು ಸರಿಯಾಗುವುದಿಲ್ಲ. ಹೋಗುವ ಅಲೆ ಎಷ್ಟು ದೊಡ್ಡದಾಯಿತೋ ಬರುವುದೂ ಅಷ್ಟೇ ದೊಡ್ಡದಾಗುತ್ತದೆ. ಧಾರವಾಡದಲ್ಲಿ ಅಪ್ಪ ಗೋಡೆಗೆ ಒರಗಿ, ಚಾಪೆಯ ಮೇಲೆ ಕೂತು ಕೇಳುತ್ತಿದ್ದರು. ನಾನು ಅವರ ಸ್ಪೀಕರ್ ಬದಲಾಯಿಸಿದೆ ಅಂದುಕೊಂಡಿದ್ದೆ. ಕೂರುವ ಜಾಗವನ್ನೂ ಬದಲಾಯಿಸಿದ್ದೆ.

[ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಮೊದಲು ಮತ್ತು ಆಮೇಲೆ: ಎರಡು ರೆಕಾರ್ಡಿಂಗ್.]

ಈ ಎರಡನ್ನೂ ಅಪ್ಪನ ಕಿವಿಯ ಎತ್ತರಕ್ಕೆ ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೇನೆ. ವಾಲ್ಯೂಮ್ ಮುಟ್ಟಿಲ್ಲ. ಕುರ್ಚಿಯನ್ನು ಗೋಡೆಗೆ ತಾಗಿಸಿದ್ದು ಮಾತ್ರ. ಕೇಳಿಸಿತಾ?

ಹೊಸ ಸ್ಪೀಕರ್ ತಂದು ಬೇಜಾರಾದವರು ದಯವಿಟ್ಟು ಮೊದಲು ಇದನ್ನು ಮಾಡಿ. ಇಷ್ಟದ ಹಾಡು ಹಚ್ಚಿ, ಕೋಣೆಯಲ್ಲಿ ನಿಧಾನವಾಗಿ ಓಡಾಡಿ. ಅಂಗಡಿಗೆ ವಾಪಸ್ ಹೋಗುವುದು ಆಮೇಲೆ.

ಕುರ್ಚಿ ಸರಿಸಿದ ಮೇಲೂ ಪುಟ್ಟ ಕೋನ್ ಸ್ವಲ್ಪ ಏದುಸಿರು ಬಿಡುತ್ತಿತ್ತು. ತಬಲಾದ ಡಗ್ಗ ಜೋರಾದರೆ ಹಾಡುವವರ ದನಿಯೂ ನಡುಗಿದ ಹಾಗೆ ಅನಿಸುತ್ತಿತ್ತು. ಒಂದೇ ಕೋನ್ ಎರಡೂ ಕೆಲಸ ಮಾಡಬೇಕಲ್ಲ. ಅದಕ್ಕೆ 8 ಇಂಚಿನ ಒಂದು ಸಬ್‌ವೂಫರ್, ಅಂದರೆ ತೀರಾ ತಗ್ಗಿನ ಸ್ವರಕ್ಕೆ ಮಾತ್ರ ಇರುವ ಬೇರೆ ಸ್ಪೀಕರ್, ತಂದೆ. 80 ಹರ್ಟ್ಸ್‌ಗಿಂತ ಕೆಳಗಿನದು ಅದಕ್ಕೆ, ಮೇಲಿನದು ಸ್ಪೀಕರ್‌ಗಳಿಗೆ. ಅಷ್ಟು ತಗ್ಗಿನ ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೆ ಸುಲಭಕ್ಕೆ ತಿಳಿಯುವುದಿಲ್ಲ. ಹಾಗಾಗಿ ಕಣ್ಣಿಗೆ ಕಾಣದ ಕಡೆ ಬಚ್ಚಿಡಬಹುದು, ಆದರೆ ಎಲ್ಲ ಜಾಗದಲ್ಲೂ ಒಂದೇ ಥರ ಕೇಳುವುದಿಲ್ಲ.

ಜಾಗ ಹುಡುಕುವ ಉಪಾಯ ಚೆನ್ನಾಗಿದೆ. ಸಬ್‌ವೂಫರನ್ನು ಅಪ್ಪನ ಕುರ್ಚಿಯ ಮೇಲೆ ಇಟ್ಟೆ. ತಂಬೂರಿ ಹಚ್ಚಿ, ಗೋಡೆಯ ಗುಂಟ ಅಂಬೆಗಾಲಿಟ್ಟು ಹೋದೆ. ಎಲ್ಲಿ ಖರ್ಜ ತುಂಬಿಯೂ ಹದವಾಗಿಯೂ ಕೇಳಿತೋ ಅಲ್ಲಿ ಪೆಟ್ಟಿಗೆಯನ್ನು ಇಡುವುದು. ಸದ್ದಿನ ಜಾಗ, ಕಿವಿಯ ಜಾಗ ಅದಲುಬದಲಾದರೂ ನಡುವಿನ ದಾರಿ ಒಂದೇ ಅಲ್ವಾ, ಅದಕ್ಕೇ ಇದು ಕೆಲಸ ಮಾಡುತ್ತದೆ. ನಮ್ಮ ಮನೆಯಲ್ಲಿ ಆ ಜಾಗ ಊಟದ ಮೇಜಿನ ಕೆಳಗೆ ಸಿಕ್ಕಿತು. ವಾಲ್ಯೂಮ್ ಮಾತ್ರ ಸಣ್ಣದೇ ಇಡಿ. ತಗ್ಗಿನ ಸದ್ದು ಗೋಡೆ, ನೆಲ ದಾಟಿ ಕೆಳಗಿನ ಮನೆಯವರ ನಿದ್ದೆಗೆ ಬೀಳುತ್ತದೆ.

ಆ ರಾತ್ರಿ ಅಪ್ಪ ಗೋಡೆಗೆ ತಲೆ ಆನಿಸಿ ಕೂತರು. ತಂಬೂರಿ ಶುರುವಾಯಿತು. ಹಾಡು ಬರುವ ಮೊದಲೇ ಅಂದರು, "ಹಾಂ, ಈಗ ಬಂತ ನೋಡು."

[ಧಾರವಾಡ. ಸಾಗವಾನಿ ಪೆಟ್ಟಿಗೆಗಳು, ಒಂದರ ವೂಫರ್ ಬಿಚ್ಚಿದೆ.]

ಹಳೆಯ ಜೋಡಿ ಏನಾಯಿತು ಅಂತ ಕೇಳುತ್ತೀರಿ. ಕೋನ್‌ನ ಅಂಚಿನ ಫೋಮ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಈ ಫೋಮ್ ಹದಿನೈದು, ಇಪ್ಪತ್ತು ವರ್ಷಕ್ಕೆ ಹೀಗಾಗುವುದು ಸಹಜ. ಅಷ್ಟಕ್ಕೇ ಸ್ಪೀಕರ್ ಸತ್ತಿತು ಅಂತ ಗುಜರಿಗೆ ಹಾಕಬೇಡಿ. ಕೋನ್, ಕಾಯಿಲ್ ಚೆನ್ನಾಗಿದ್ದರೆ ಹೊಸ ಅಂಚು ಅಂಟಿಸಬಹುದು. ಕ್ರಾಸ್‌ಓವರ್‌ನಲ್ಲಿ (ತಗ್ಗಿನ, ಮೇಲಿನ ಸ್ವರಗಳನ್ನು ಬೇರೆ ಬೇರೆ ಕೋನ್‌ಗೆ ಹಂಚುವ ಭಾಗ) ಒಣಗಿದ ಕೆಪಾಸಿಟರ್‌ಗಳನ್ನೂ ಬದಲಾಯಿಸಿದೆವು. ಈಗ ಅವು ನಮ್ಮ ಚಿಕ್ಕಪ್ಪನ ಮನೆಯ ಪಡಸಾಲೆಯಲ್ಲಿವೆ, ಎರಡೂ ಮೂಲೆಗಳಲ್ಲಿ. ದೀಪಾವಳಿಗೆ ಹೋದಾಗ ಅಪ್ಪ ಚಾಪೆ ಎಳೆದುಕೊಂಡು ಗೋಡೆಯ ಕಡೆಗೇ ಹೋದರು.