ನಿನ್ನ ಹಾಳೆ ಎಲ್ಲಿ?

ಕೇಳುಗರಿಗೆ ನಮಸ್ಕಾರ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಒಂದು ಕೋಣೆ ಇದೆ. ಬಾಗಿಲು ತೆಗೆದರೆ ಹೊಸ ಜೀನ್ಸ್ ಬಟ್ಟೆಯ ವಾಸನೆ ಮೂಗಿಗೆ ಬಡಿಯುತ್ತದೆ. ಎದೆಮಟ್ಟ ಪೇರಿಸಿದ ಮೂಟೆಗಳು. ಎಲ್ಲಾ ವಾಪಸ್ ಬಂದ ಪ್ಯಾಂಟುಗಳು. ನನ್ನ ಅಕ್ಕನ ಮಗನ ಮಾಲು ಅದು. ಅದರೊಳಗೆ ನನ್ನ ಒಂದು ಲಕ್ಷ ರೂಪಾಯಿಯೂ ಕೂತಿದೆ.

ಬಳ್ಳಾರಿ ಜೀನ್ಸ್ ಬಗ್ಗೆ ನಿಮಗೆ ಹೇಳಬೇಕಿಲ್ಲ. ನಡುವಿನ ವ್ಯಾಪಾರಿಗೆ ಯಾಕೆ ಕೊಡಬೇಕು, ಆನ್‌ಲೈನ್‌ನಲ್ಲಿ ನಾವೇ ಮಾರಿದರಾಯಿತು ಅಂತ ಹುಡುಗ ಲೆಕ್ಕ ಹಾಕಿದ. ಆಪ್ ಮಾಡಿಸಿದ. ದುಡ್ಡು ಹಾಕಿದವರು ನಾಲ್ಕು ಜನ. ನಾನು, ಇಬ್ಬರು ನೆಂಟರು, ರಾಯಚೂರಿನಲ್ಲಿ ಹತ್ತಿಯ ದಲಾಲಿ ಅಂಗಡಿ ಇಟ್ಟಿರುವ ಹಿರಿಯರೊಬ್ಬರು.

ಆರ್ಡರ್ ಚೆನ್ನಾಗಿಯೇ ಬಂದವು. ತೊಂದರೆ ಇದ್ದದ್ದು ಸೊಂಟದಲ್ಲಿ. ಅಂಗಡಿಯಲ್ಲಾದರೆ ಹಾಕಿ ನೋಡುತ್ತಾರೆ. ಫೋನಿನಲ್ಲಿ ಹೇಗೆ ನೋಡೋದು? 30, 32 ಎರಡೂ ತರಿಸುತ್ತಾರೆ, ಒಂದು ಇಟ್ಟುಕೊಂಡು ಇನ್ನೊಂದು ತಿರುಗಿಸುತ್ತಾರೆ. ಹೋಗುವ ಕೊರಿಯರ್ ಖರ್ಚು ನಮ್ಮದು, ಬರುವುದೂ ನಮ್ಮದೇ. ಮಾಲು ಬಂದಮೇಲೆ ದುಡ್ಡು ಕೊಡ್ತೀನಿ ಅಂದವರು ಬಾಗಿಲೇ ತೆಗೆಯದಿದ್ದರೆ, ಪ್ಯಾಂಟು ಊರೂರು ಸುತ್ತಿ ಮಡಿಕೆ ಕೆಟ್ಟು ಮನೆಗೆ ಬರುತ್ತದೆ. ಮಾರಾಟ ಜಾಸ್ತಿ ಆದಷ್ಟೂ ನಷ್ಟ ಜಾಸ್ತಿ. ನಮ್ಮಜ್ಜ ಇದನ್ನು ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ನಷ್ಟ ನಮಗೆ ಗೊತ್ತಿತ್ತು. ವ್ಯಾಪಾರ ಅಂದಮೇಲೆ ಅದು ಇದ್ದದ್ದೇ ಅಲ್ವಾ? ನಿದ್ದೆ ಕೆಡಿಸಿದ್ದು ಲೆಕ್ಕ. ತಿಂಗಳ ಮೊದಲ ವಾರ ಬರುತ್ತಿದ್ದದ್ದು ಹದಿನೈದಕ್ಕೆ ಜಾರಿತು. ಆಮೇಲೆ ಎರಡು ತಿಂಗಳಿಗೊಮ್ಮೆ. ಕೇಳಿದರೆ, "ಆಡಿಟರ್ ಊರಲ್ಲಿಲ್ಲ ಮಾವ, ಒಂದು ವಾರ ತಡೀರಿ." ಕೆಲಸದ ಹುಡುಗರಿಬ್ಬರು ಬಿಟ್ಟುಹೋದ ಸುದ್ದಿ ನಮಗೆ ಸಿಕ್ಕಿದ್ದು ಚಹಾ ಅಂಗಡಿಯಲ್ಲಿ. ಅದೇ ವಾರ ಇವನು ಗಾಜಿನ ಬಾಗಿಲಿನ ಹೊಸ ಆಫೀಸಿನ ಫೋಟೊ ಕಳಿಸಿದ್ದ.

ದೊಡ್ಡವರ ಕತೆಯೂ ಇದೇ ದಾರಿ ಹಿಡಿದದ್ದು. ಆನ್‌ಲೈನ್‌ನಲ್ಲಿ ಮಕ್ಕಳಿಗೆ ಪಾಠ ಹೇಳುವ ಬೆಂಗಳೂರಿನ ಬೈಜೂಸ್ ಕಂಪನಿಗೆ 2022ರಲ್ಲಿ ಹೂಡಿಕೆದಾರರೇ ಕಟ್ಟಿದ್ದ ಬೆಲೆ 2,200 ಕೋಟಿ ಡಾಲರ್. 2020-21ರ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರಿನಲ್ಲಿ. ನೋಡಿದರೆ 4,588 ಕೋಟಿ ರೂಪಾಯಿ ನಷ್ಟ. ಮುಂದಿನ ವರ್ಷದ ಲೆಕ್ಕವೂ ತಡ. 2023ರ ಜೂನ್‌ನಲ್ಲಿ ಲೆಕ್ಕ ತಪಾಸಣೆಯ ಡೆಲಾಯಿಟ್ ಸಂಸ್ಥೆ, ಇದು ನಮ್ಮಿಂದ ಆಗಲ್ಲ ಅಂತ ಕೈಬಿಟ್ಟಿತು. ಹೂಡಿಕೆದಾರರ ಕಡೆಯ ಮೂವರು ನಿರ್ದೇಶಕರೂ ಅದೇ ಹೊತ್ತಿಗೆ ಎದ್ದುಹೋದರು. 2024ರ ಫೆಬ್ರವರಿ 23ರಂದು ಕೆಲವು ಹೂಡಿಕೆದಾರರು ಸಭೆ ಸೇರಿ, ಕಂಪನಿ ಕಟ್ಟಿದ ಬೈಜು ರವೀಂದ್ರನ್ ಅವರನ್ನೇ ಇಳಿಸಬೇಕೆಂದು ಮತ ಹಾಕಿದರು. ಸಭೆಯೇ ಸರಿಯಿಲ್ಲ ಎಂದು ಅವರು ಬರಲೇ ಇಲ್ಲ. ಈ ತೀರ್ಮಾನ ಸದ್ಯಕ್ಕೆ ಜಾರಿಯಾಗಬಾರದೆಂದು ಕರ್ನಾಟಕ ಹೈಕೋರ್ಟ್ ಎರಡು ದಿನ ಮೊದಲೇ ಹೇಳಿತ್ತು. ಜುಲೈನಲ್ಲಿ, ಕ್ರಿಕೆಟ್ ಮಂಡಳಿಗೆ ಕೊಡಬೇಕಿದ್ದ 158 ಕೋಟಿ ಬಾಕಿಯ ವಿಷಯದಲ್ಲಿ ಕಂಪನಿ ದಿವಾಳಿ ಪ್ರಕ್ರಿಯೆಗೆ ಬಿತ್ತು.

ನಮ್ಮಂಥವರಿಗೂ ಕಾನೂನಿನಲ್ಲಿ ದಾರಿ ಇದೆ. ಕಂಪನಿಯಲ್ಲಿ ನೂರಕ್ಕೆ ಹತ್ತು ಪಾಲು ಇದ್ದವರು ವಿಶೇಷ ಸಭೆ ಕರೆಯಿರಿ ಅನ್ನಬಹುದು. ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ನಿರ್ದೇಶಕರನ್ನು ಇಳಿಸಬಹುದು. ಆದರೆ ಅಳಿಯನಿಗೆ ನೋಟಿಸು ಕೊಟ್ಟಮೇಲೆ ಅಕ್ಕನ ಮನೆಗೆ ಹಬ್ಬದೂಟಕ್ಕೆ ಯಾವ ಮುಖ ಹೊತ್ತು ಹೋಗೋದು?

ಕೊನೆಗೆ ಒಂದು ಭಾನುವಾರ ರಾಯಚೂರಿನ ಹಿರಿಯರೇ ಬಂದರು. ಗಾಜಿನ ಆಫೀಸಿಗೆ ಬರಲ್ಲ ಅಂದರು. ಬಸ್ಸಿಳಿದು ನೇರ ಆ ಕೋಣೆಗೇ ಬಂದು ಮೂಟೆಯ ಮೇಲೆ ಕೂತರು. ಕೈಚೀಲದಿಂದ ಕೆಂಪು ಬಟ್ಟೆಯ ರಟ್ಟಿನ ಉದ್ದನೆಯ ಪುಸ್ತಕ ತೆಗೆದರು. ದೀಪಾವಳಿಗೆ ಪೂಜೆ ಮಾಡಿ ತೆರೆಯುತ್ತಾರಲ್ಲ, ಆ ಖಾತೆ ಪುಸ್ತಕ. ಹಳೆಯದು, ಅಂಚು ಸವೆದಿತ್ತು. ಬೆರಳಿಗೆ ಎಂಜಲು ಹಚ್ಚಿ ಒಂದು ಹಾಳೆ ತಿರುವಿದರು.

"ನೋಡಪ್ಪ, ಹತ್ತಿ ರೇಟು ಬಿದ್ದ ವರ್ಷ. ಮೂರು ಲಕ್ಷ ಕೈಬಿಟ್ಟು ಹೋಯ್ತು. ಈ ಹಾಳೇನ ರೈತರ ಮುಂದೆ ಇಟ್ಟೆ. ಒಬ್ಬನೂ ಬೇರೆ ಅಂಗಡಿಗೆ ಹೋಗಲಿಲ್ಲ. ನಿನ್ನ ಹಾಳೆ ಎಲ್ಲಿ?"

ಹುಡುಗ ಬಹಳ ಹೊತ್ತು ಸುಮ್ನೆ ನಿಂತಿದ್ದ. ಆಮೇಲೆ ಫೋನು ತೆಗೆದು ಅವರ ಕೈಗೆ ಕೊಟ್ಟ. ಸಾಲ ನಾವು ಅಂದುಕೊಂಡದ್ದರ ಎರಡರಷ್ಟು ಇತ್ತು. ಕದ್ದಿರಲಿಲ್ಲ, ಹೇಳೋಕೆ ಹೆದರಿದ್ದ.

ಹೊಸ ದುಡ್ಡು ಯಾರೂ ಹಾಕಲಿಲ್ಲ. ಬಿ.ಕಾಂ. ಓದಿದ ಅವನ ತಂಗಿ ಈಗ ಹಣ ನೋಡಿಕೊಳ್ಳುತ್ತಾಳೆ. ಅವಳ ಸಹಿ ಇಲ್ಲದೆ ಚೆಕ್ಕು ಹೋಗಲ್ಲ. ಆಪ್ ಮುಚ್ಚಿದೆ, ಇವನು ಅಂಗಡಿಗಳಿಗೆ ಸಗಟು ಹಾಕುತ್ತಿದ್ದಾನೆ. ಪ್ರತಿ ತಿಂಗಳು 5ನೇ ತಾರೀಕು ಲೆಕ್ಕದ ಫೋಟೊ ಬರುತ್ತದೆ. ಇನ್ನೂ ನಷ್ಟವೇ. ಕೋಣೆಯಲ್ಲಿ ಒಂಬತ್ತು ಮೂಟೆ ಉಳಿದಿವೆ, ಎಲ್ಲಾ 36ರ ಸೊಂಟ. ಕೇಳುಗರಲ್ಲಿ ಆ ಅಳತೆಯವರಿದ್ದರೆ ಕೌಲ್ ಬಜಾರಿನ ಕಡೆ ಬನ್ನಿ. ಹಾಕಿ ನೋಡಿಕೊಂಡೇ ತಗೊಳ್ಳಿ.