ಮಳೆ ಬಂದರೆ ಮಾತ್ರ ಮಿಸ್ಸಿಂಗ್: ನಮ್ಮನೆ 800ರ ಎರಡನೇ ಸಿಲಿಂಡರ್

ಈ ಶಬ್ದ ಒಮ್ಮೆ ಕೇಳಿ. ಡಬ್, ಡಬ್, ಆಮೇಲೆ ಒಂದು ಖಾಲಿ. ಮತ್ತೆ ಡಬ್, ಡಬ್, ಖಾಲಿ.

ಇದು ನಮ್ಮನೆ ಮಾರುತಿ 800. ಬೆಳಗ್ಗೆ ಆರು ಗಂಟೆ. ತೀರ್ಥಹಳ್ಳಿ ಹತ್ತಿರ ನಮ್ಮೂರು. ಜುಲೈ ತಿಂಗಳು, ರಾತ್ರಿಯಿಡೀ ಮಳೆ ಬಿಟ್ಟಿಲ್ಲ. ಸ್ಟೀರಿಂಗ್ ಹಿಡಿದರೆ ಕೈ ನಡುಗುತ್ತದೆ. ಕನ್ನಡಿಯಲ್ಲಿ ಹಿಂದಿನ ಅಡಿಕೆ ತೋಟ ಪೂರ್ತಿ ಅಲ್ಲಾಡುತ್ತದೆ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಗಾಡಿ ಮುಂದೆ ಹೋಗುವ ಬದಲು ಮುಗ್ಗರಿಸುತ್ತದೆ. ನಮ್ಮ ಕಡೆ ಮೆಕ್ಯಾನಿಕ್‌ಗಳು ಇದಕ್ಕೆ ಮಿಸ್ಸಿಂಗ್ ಅಂತಾರೆ. ಗಾಡಿ ಮಿಸ್ಸಿಂಗ್ ಹೊಡೀತಿದೆ.

ಇದು 1998ರ ಮಾಡೆಲ್. ಅಪ್ಪಯ್ಯ ತಗೊಂಡಿದ್ದು. ನಾನು ಡ್ರೈವಿಂಗ್ ಕಲಿತದ್ದು ಇದರಲ್ಲೇ. 796 ಸಿಸಿ, ಮೂರು ಸಿಲಿಂಡರ್, ಪೆಟ್ರೋಲ್‌ಗೆ ಗಾಳಿ ಬೆರೆಸಿ ಕೊಡುವ ಕಾರ್ಬೊರೇಟರ್ ಇರುವ ಗಾಡಿ. ಕಂಪ್ಯೂಟರ್ ಇಲ್ಲ, ಸ್ಕ್ಯಾನರ್ ಹಾಕೋಕೆ ಜಾಗವೇ ಇಲ್ಲ. ಏನಾಗಿದೆ ಅಂತ ಕಿವಿ, ಕಣ್ಣು, ಮೂಗಿನಿಂದಲೇ ತಿಳಿಯಬೇಕು. ನನಗೆ ಈ ಗಾಡಿ ಇಷ್ಟ ಆಗೋದೂ ಅದಕ್ಕೇ.

ಒಂದು ಸಣ್ಣ ಲೆಕ್ಕ ಹೇಳ್ತೀನಿ. ಐಡ್ಲಿಂಗ್‌ನಲ್ಲಿ ಇಂಜಿನ್ ನಿಮಿಷಕ್ಕೆ 900 ಸುತ್ತು ತಿರುಗುತ್ತದೆ ಅಂದುಕೊಳ್ಳಿ. ಫೋರ್ ಸ್ಟ್ರೋಕ್ ಇಂಜಿನ್, ಹಾಗಾಗಿ ಎರಡು ಸುತ್ತಿಗೆ ಒಂದು ಸಲ ಒಂದೊಂದು ಸಿಲಿಂಡರ್ ಫೈರ್ ಆಗುತ್ತದೆ, ಒಳಗಿನ ಪೆಟ್ರೋಲ್ ಕಿಡಿ ತಾಗಿ ಉರಿಯುತ್ತದೆ. ಅಂದರೆ ಒಂದು ಸಿಲಿಂಡರಿಗೆ ನಿಮಿಷಕ್ಕೆ 450 ಸಲ. ನಾಲ್ಕು ಸಿಲಿಂಡರ್ ಗಾಡಿಯಲ್ಲಿ ಒಂದು ಸತ್ತರೆ ಹೋಗುವುದು ಕಾಲು ಭಾಗ. ಇದರಲ್ಲಿ ಒಂದು ಸತ್ತರೆ ಮೂರನೇ ಒಂದು ಭಾಗವೇ ಹೋಯಿತು. ಹಾಗಾಗಿ 800 ಮಿಸ್ಸಿಂಗ್ ಹೊಡೆದರೆ ಮುಚ್ಚಿಡೋಕೆ ಆಗಲ್ಲ. ಇಡೀ ಗಾಡಿಯೇ ಹೇಳಿಬಿಡುತ್ತದೆ.

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಗ್ಯಾರೇಜಿಗೆ ತಗೊಂಡು ಹೋದೆ. ಆದರೆ ಗ್ಯಾರೇಜ್ ಮುಟ್ಟುವ ಹೊತ್ತಿಗೆ ಹನ್ನೊಂದು ಗಂಟೆ. ಇಂಜಿನ್ ಕಾದಿದೆ, ಬಾನೆಟ್ ಒಳಗಿನ ಪಸೆ ಆರಿದೆ, ಗಾಡಿ ಬೆಣ್ಣೆ ಹಾಗೆ ಓಡ್ತಿದೆ. ಮೆಕ್ಯಾನಿಕ್ ಕೇಳಿದರು, "ಎಲ್ಲಿದೆ ಸಾರ್ ಮಿಸ್ಸಿಂಗ್?" ಅವರ ತಪ್ಪು ಅಂತ ನಾನು ಹೇಳಲ್ಲ. ಕಾಣದ ಕಾಯಿಲೆಗೆ ಯಾರು ತಾನೇ ಏನು ಮದ್ದು ಕೊಡ್ತಾರೆ? ಕಾರ್ಬೊರೇಟರ್ ಬಿಚ್ಚಿ ತೊಳೆದರು, ಮಿಕ್ಸ್ಚರ್ ಸ್ಕ್ರೂ ತಿರುಗಿಸಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಮಾಡಿದರು. ಎರಡು ದಿನ ಬಿಸಿಲಿತ್ತು, ಗಾಡಿ ಚೆನ್ನಾಗಿತ್ತು. ಮೂರನೇ ದಿನ ಮಳೆ. ಮತ್ತೆ ಡಬ್, ಡಬ್, ಖಾಲಿ.

ಆವತ್ತು ಅಪ್ಪಯ್ಯ ಜಗಲಿಯಲ್ಲಿ ಕಾಫಿ ಕುಡಿಯುತ್ತಾ ಒಂದು ಮಾತು ಹೇಳಿದರು. "ಮಾರಾಯ, ಅದು ತಪ್ಪೋದು ಬರೀ ಮಳೆ ಬಂದಾಗ. ನೀನು ಬಿಸಿಲಲ್ಲಿ ಹುಡುಕಿದ್ರೆ ಸಿಗುತ್ತಾ?"

ಅಲ್ಲಿಂದ ನಾನು ಹುಡುಕುವ ರೀತಿಯೇ ಬದಲಾಯಿತು. ಸ್ಪ್ಯಾನರ್ ಕೆಳಗಿಟ್ಟು ಒಂದು ವಾರ ಸುಮ್ನೆ ಬರೆದಿಟ್ಟೆ. ಯಾವ ದಿನ ಮಿಸ್ಸಿಂಗ್, ಎಷ್ಟು ಹೊತ್ತು, ಮಳೆ ಇತ್ತಾ, ಇಂಜಿನ್ ಬಿಸಿ ಇತ್ತಾ. ಏಳು ದಿನದಲ್ಲಿ ಐದು ದಿನ ಮಿಸ್ಸಿಂಗ್. ಐದೂ ದಿನ ಹಿಂದಿನ ರಾತ್ರಿ ಮಳೆ. ಹತ್ತು ಹನ್ನೆರಡು ನಿಮಿಷ ಓಡಿದ ಮೇಲೆ ಸರಿ. ಪೆಟ್ರೋಲ್‌ಗೆ ಮಳೆ ಬಂದದ್ದು ಗೊತ್ತಾಗಲ್ಲ. ಕರೆಂಟ್‌ಗೆ ಗೊತ್ತಾಗುತ್ತದೆ.

ಇನ್ನೊಂದು ವಿಷಯ. ಇದು ನಿಜವಾಗಿ ಮುಖ್ಯ, ದಯವಿಟ್ಟು ಗಮನ ಕೊಡಿ. ಕಾರ್ಬೊರೇಟರ್ ಒಂದೇ, ಅದು ಮೂರೂ ಸಿಲಿಂಡರಿಗೆ ಪೆಟ್ರೋಲ್ ಕೊಡುತ್ತದೆ. ಪ್ಲಗ್ ಕಿಡಿ ಹಾರಿಸೋಕೆ ಬೇಕಾದ ಜೋರು ಕರೆಂಟ್ ಕೊಡುವ ಕಾಯಿಲ್ ಕೂಡ ಒಂದೇ. ಇವು ಕೆಟ್ಟರೆ ಮೂರೂ ಸಿಲಿಂಡರ್ ಒದ್ದಾಡಬೇಕು. ಆದರೆ ನಮ್ಮ ಗಾಡಿಯ ಶಬ್ದದಲ್ಲಿ ಒಂದು ತಾಳ ಇದೆ. ಎರಡು ಸರಿ, ಒಂದು ಖಾಲಿ. ಪ್ರತಿ ಸಲ ಹಾಗೇ. ಅಂದರೆ ತಪ್ಪುತ್ತಿರುವುದು ಒಂದೇ ಸಿಲಿಂಡರ್. ಒಂದೊಂದು ಸಿಲಿಂಡರಿಗೆ ಬೇರೆ ಬೇರೆ ಇರುವುದು ಏನು? ಪ್ಲಗ್. ಪ್ಲಗ್ ವೈರ್. ಡೆಲ್ಕೋ ಕ್ಯಾಪಿನ ಒಳಗಿನ ಆ ಒಂದು ಪಿನ್. ಮತ್ತೆ ವಾಲ್ವ್, ಪಿಸ್ಟನ್, ರಿಂಗ್. ಡೆಲ್ಕೋ ಅಂದರೆ ಡಿಸ್ಟ್ರಿಬ್ಯೂಟರ್, ಕಾಯಿಲಿನ ಕರೆಂಟನ್ನು ಸರದಿಯಲ್ಲಿ ಒಂದೊಂದು ಪ್ಲಗ್ಗಿಗೆ ಹಂಚುವ ಭಾಗ. ನಮ್ಮ ಗ್ಯಾರೇಜುಗಳಲ್ಲಿ ಹಾಗೇ ಹೇಳೋದು. ರಿಂಗ್ ಸವೆದಿದ್ದರೆ ಬಿಸಿಲು ಬಂದ ಕೂಡಲೇ ಸರಿ ಹೋಗಲ್ಲ. ಉಳಿದದ್ದು ಪ್ಲಗ್, ವೈರ್, ಕ್ಯಾಪ್.

ಈಗ ಯಾವ ಸಿಲಿಂಡರ್ ಅಂತ ಹಿಡಿಯಬೇಕು. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ಕಳಚಿದೆ. ಅದರ ತುದಿಗೆ ಒಂದು ಹಳೇ ಪ್ಲಗ್ ಸಿಕ್ಕಿಸಿ, ಆ ಪ್ಲಗ್ ಇಂಜಿನ್ನಿನ ಕಬ್ಬಿಣಕ್ಕೆ ತಾಗುವ ಹಾಗೆ ಕಟ್ಟಿದೆ. ಕರೆಂಟ್ ಹೋಗೋಕೆ ದಾರಿ ಇರಬೇಕು, ಇಲ್ಲದಿದ್ದರೆ ಕಾಯಿಲ್‌ಗೆ ಏಟು. ಆಮೇಲೆ ಸ್ಟಾರ್ಟ್ ಮಾಡಿ ಕೇಳಿದೆ. ಓಡುತ್ತಿರುವಾಗಲೇ ಬರಿಗೈಯಲ್ಲಿ ವೈರ್ ಎಳೆಯುವವರನ್ನು ನೋಡಿದ್ದೀನಿ. ದಯವಿಟ್ಟು ಬೇಡ. ಸಾವಿರಗಟ್ಟಲೆ ವೋಲ್ಟ್ ಅದು. ಶಾಕ್ ಹೊಡೆದು ಕೈ ಹಿಂದೆ ಎಳೆದಾಗ ಫ್ಯಾನಿಗೋ ಬೆಲ್ಟಿಗೋ ಸಿಕ್ಕಿದರೆ ಕಷ್ಟ. ಶೆಡ್ಡಿನ ಬಾಗಿಲೂ ತೆರೆದಿರಲಿ, ಹೊಗೆ ಒಳಗೆ ನಿಲ್ಲಬಾರದು.

ಟೈಮಿಂಗ್ ಬೆಲ್ಟ್ ಕಡೆಯಿಂದ ಎಣಿಸಿದರೆ ಒಂದು, ಎರಡು, ಮೂರು. ಒಂದನೇದು ತೆಗೆದೆ, ಗಾಡಿ ನಿಂತೇ ಹೋಗುವ ಹಾಗಾಯಿತು. ಅಂದರೆ ಅದು ಕೆಲಸ ಮಾಡ್ತಿತ್ತು. ಮೂರನೇದು ತೆಗೆದೆ, ಅದೇ ಕತೆ. ಎರಡನೇದು ತೆಗೆದೆ. ಏನೂ ಬದಲಾಗಲಿಲ್ಲ. ಅದೇ ನಡುಕ, ಅದೇ ಶಬ್ದ. ಇದ್ದರೂ ಇಲ್ಲದಿದ್ದರೂ ಒಂದೇ ಆಗಿದೆ ಅಂದರೆ ಸತ್ತಿರುವುದು ಅದೇ ಅಲ್ವಾ?

ಎರಡನೇ ಪ್ಲಗ್ ತೆಗೆದು ಒಂದಕ್ಕೆ ಹಾಕಿದೆ, ಒಂದರದ್ದು ಎರಡಕ್ಕೆ. ಪ್ಲಗ್ಗೇ ಕೆಟ್ಟಿದ್ದರೆ ಮಿಸ್ಸಿಂಗ್ ಒಂದನೇ ಸಿಲಿಂಡರಿಗೆ ಬರಬೇಕು. ಬರಲಿಲ್ಲ, ಎರಡರಲ್ಲೇ ಉಳಿಯಿತು. ವೈರ್ ಹಾಗೆ ಅದಲು ಬದಲು ಮಾಡೋಕಾಗಲ್ಲ, ಉದ್ದ ಬೇರೆ ಬೇರೆ.

ಮಾರನೇ ದಿನ ಬೆಳಗಿನ ಜಾವ ಐದು ಗಂಟೆಗೆ ಎದ್ದೆ. ನೀವು ಈಗ ವಿಡಿಯೋದಲ್ಲಿ ನೋಡ್ತಿರೋದು ಅದೇ. ಪರದೆ ಕಪ್ಪಾಗಿದೆ ಅಂದುಕೊಳ್ಳಬೇಡಿ, ಲೈಟ್ ಎಲ್ಲ ನಾನೇ ಆಫ್ ಮಾಡಿದ್ದೀನಿ. ಮೇಲೆ ತಗಡಿನ ಶೀಟ್ ಮೇಲೆ ಮಳೆ. ಬಾನೆಟ್ ತೆರೆದಿದೆ, ಇಂಜಿನ್ ಓಡ್ತಿದೆ. ಅಮ್ಮನ ಗುಲಾಬಿ ಗಿಡಕ್ಕೆ ನೀರು ಹೊಡೆಯುವ ಬಾಟ್ಲಿಯಿಂದ ಪ್ಲಗ್ ವೈರ್‌ಗಳ ಮೇಲೆ ಇಬ್ಬನಿಯಷ್ಟು ನೀರು ಹೊಡೆದೆ. ಅಲ್ಲಿ ನೋಡಿ. ಎರಡನೇ ವೈರ್ ನಡುವಲ್ಲಿ, ಬ್ರಾಕೆಟ್ ಹತ್ತಿರ. ದಾರದ ಎಳೆಯಷ್ಟು ತೆಳ್ಳಗೆ ನೀಲಿ ಬೆಳಕು, ವೈರಿಂದ ಕಬ್ಬಿಣಕ್ಕೆ ಹಾರ್ತಿದೆ. ಟಿಕ್, ಟಿಕ್, ಟಿಕ್. ಕಿವಿ ಹತ್ತಿರ ತಂದರೆ ಮಳೆ ಶಬ್ದದ ನಡುವೆಯೂ ಕೇಳುತ್ತದೆ. ಪ್ಲಗ್ಗಿಗೆ ಹೋಗಬೇಕಾದ ಕಿಡಿ ಅರ್ಧದಾರಿಯಲ್ಲೇ ಇಳಿದು ಹೋಗ್ತಿದೆ.

ನಾನು ಆ ನೀಲಿ ಎಳೆ ನೋಡುತ್ತಾ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಮೂರು ವಾರದಿಂದ ಹುಡುಕಿದ್ದು ಅದು.

ಬೆಳಕು ಹರಿದ ಮೇಲೆ ವೈರ್ ತೆಗೆದು ನೋಡಿದೆ. ವೈರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಎಂದೋ ಮುರಿದು ಬಿದ್ದಿದೆ. ವೈರ್ ಜೋತು ಬ್ರಾಕೆಟ್ ಅಂಚಿಗೆ ಉಜ್ಜಿ ಉಜ್ಜಿ, ರಬ್ಬರ್ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಗಾಯ. ಒಣಗಿದ್ದಾಗ ಉಳಿದ ರಬ್ಬರ್ ಕರೆಂಟನ್ನು ತಡೆಯುತ್ತದೆ. ಪಸೆ ಕೂತರೆ ದಾರಿ ಸಿಗುತ್ತದೆ. ಇಂಜಿನ್ ಕಾದು ಪಸೆ ಆರಿದರೆ ಮತ್ತೆ ಸರಿ. ನಾನು ಬರೆದಿಟ್ಟ ಆ ಹತ್ತು ಹನ್ನೆರಡು ನಿಮಿಷದ ಅರ್ಥ ಅದು.

ಪ್ಲಗ್‌ಗಳನ್ನೂ ತೋರಿಸ್ತೀನಿ. ಚೆನ್ನಾಗಿ ಉರಿಯುವ ಸಿಲಿಂಡರಿನ ಪ್ಲಗ್ ತುದಿ ತಿಳಿ ಕಂದು ಬಣ್ಣ ಇರಬೇಕು. ಎರಡನೇ ಸಿಲಿಂಡರಿಂದ ಬಂದದ್ದು ಒದ್ದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಕಿಡಿ ಇಲ್ಲದೆ ಪೆಟ್ರೋಲ್ ಹಾಗೇ ನಿಂತಿದೆ. ಆದರೆ ಒಂದು ಮತ್ತು ಮೂರರದ್ದು ನೋಡಿ. ಒಲೆ ಮೇಲಿನ ಪಾತ್ರೆ ತಳದ ಹಾಗೆ ಒಣ ಮಸಿ. ಪೆಟ್ರೋಲ್ ಜಾಸ್ತಿ ಆಗಿದೆ ಅಂತ ಇದರ ಅರ್ಥ. ಗ್ಯಾರೇಜಿನಲ್ಲಿ ಸ್ಕ್ರೂ ತಿರುಗಿಸಿದ್ದು ನೆನಪಿದೆಯಲ್ಲ? ಒಂದು ತೊಂದರೆ ಹುಡುಕೋಕೆ ಹೋಗಿ ಇನ್ನೊಂದು ಸೇರಿಕೊಂಡಿತ್ತು.

ಪ್ಲಗ್ ಹೊರಗಿದ್ದಾಗಲೇ ಗೆಳೆಯನ ಹತ್ತಿರ ಗೇಜ್ ತಂದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಸೆಲ್ಫ್ ಹೊಡೆಯಬೇಕು. 11, 10.5, 11 ಬಂತು. ಮೂರೂ ಹೆಚ್ಚು ಕಮ್ಮಿ ಒಂದೇ. ಇಷ್ಟು ವರ್ಷದ ಇಂಜಿನ್, ಒಳಗೆ ಗಟ್ಟಿಯಾಗಿದೆ. ಅಪ್ಪಯ್ಯನಿಗೆ ಹೇಳಿದಾಗ ಅವರ ಮುಖ ನೋಡಬೇಕಿತ್ತು. ಐದು ಸಾವಿರ ಕಿಲೋಮೀಟರಿಗೆ ಸರಿಯಾಗಿ ಆಯಿಲ್ ಬದಲಿಸಿದವರು ಅವರೇ.

ತಯಾರಿ 2014ರಲ್ಲೇ ನಿಂತಿದ್ದರೂ 800ರ ಸಾಮಾನು ಶಿವಮೊಗ್ಗದಲ್ಲಿ ಕೇಳಿದ ಕೂಡಲೇ ಸಿಕ್ಕಿತು. ಪ್ಲಗ್ ವೈರ್ ಸೆಟ್ 450 ರೂಪಾಯಿ, ಮೂರು ಪ್ಲಗ್ 330. ಒಟ್ಟು 780. ಡೆಲ್ಕೋ ಕ್ಯಾಪ್ ಬದಲಿಸಲಿಲ್ಲ. ಒಳಗೆ ಬಿರುಕಿಲ್ಲ, ಪೆನ್ಸಿಲ್ ಗೆರೆಯ ಹಾಗೆ ಸುಟ್ಟ ಗೆರೆಯೂ ಇಲ್ಲ. ಪಿನ್‌ಗಳ ಮೇಲೆ ಪಾಚಿ ಬಣ್ಣದ ತುಕ್ಕಿತ್ತು, ಕೆರೆದು ಒರೆಸಿ ಹಾಕಿದೆ. ಚೆನ್ನಾಗಿರುವ ವಸ್ತು ಬಿಸಾಡೋಕೆ ನನಗೆ ಮನಸ್ಸು ಬರಲ್ಲ.

ಹಾಕುವಾಗ ಮೂರೂ ವೈರ್ ಒಟ್ಟಿಗೆ ಕಳಚಬೇಡಿ. ಒಂದು ತೆಗೆದು, ಅದರದ್ದು ಹಾಕಿ, ಆಮೇಲೆ ಇನ್ನೊಂದು. ಈ ಇಂಜಿನ್ ಫೈರ್ ಆಗೋದು 1-3-2 ಕ್ರಮದಲ್ಲಿ, ಅದಲು ಬದಲಾದರೆ ಸ್ಟಾರ್ಟೇ ಆಗಲ್ಲ. ಪ್ಲಗ್ ಗ್ಯಾಪ್ 0.7ರಿಂದ 0.8 ಮಿಲಿಮೀಟರ್. ಪ್ಲಗ್ ಕೂರುವ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಅದರ ಮರೆ (ಥ್ರೆಡ್) ಹೋದರೆ ದೊಡ್ಡ ಖರ್ಚು. ಇಂಜಿನ್ ತಣ್ಣಗಿರುವಾಗ ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಸ್ಪ್ಯಾನರಿನಲ್ಲಿ ಅರ್ಧ ಸುತ್ತು. ಕ್ಲಿಪ್ ಮಾತ್ರ ಹೊಸತು ಸಿಗಲಿಲ್ಲ. ಸೈಕಲ್ ಟ್ಯೂಬ್ ಕತ್ತರಿಸಿ ವೈರಿಗೆ ಸುತ್ತಿ, ಬ್ರಾಕೆಟ್‌ನಿಂದ ಎರಡು ಬೆರಳು ದೂರ ನಿಲ್ಲುವ ಹಾಗೆ ಕಟ್ಟಿದೆ.

ಕೊನೆಗೆ ಆ ಮಿಕ್ಸ್ಚರ್ ಸ್ಕ್ರೂ. ಇಂಜಿನ್ ಕಾಯಿಸಿ, ಕಾಲು ಕಾಲು ಸುತ್ತು ತಿರುಗಿಸುತ್ತಾ ಕೇಳಿದೆ. ಒಂದು ಜಾಗದಲ್ಲಿ ಶಬ್ದ ತಿಳಿಯಾಯಿತು, ಅಲ್ಲೇ ಬಿಟ್ಟೆ. ಎಮಿಷನ್ ಟೆಸ್ಟ್ ಮಾಡಿಸಿದಾಗ ಕಾರ್ಬನ್ ಮೊನಾಕ್ಸೈಡ್ ಶೇಕಡಾ 1.9 ಬಂತು. ಇಂಥ ಹಳೇ ಪೆಟ್ರೋಲ್ ಕಾರಿಗೆ ಮಿತಿ ಶೇಕಡಾ 3.

ಆದರೆ ನನಗೆ ಬೇಕಿದ್ದ ಪರೀಕ್ಷೆ ಅದಲ್ಲ. ನನಗೆ ಮಳೆ ಬೇಕಿತ್ತು. ಎರಡು ದಿನ ಕಾದೆ. ಶನಿವಾರ ರಾತ್ರಿ ಶುರುವಾದ ಮಳೆ ಭಾನುವಾರ ಬೆಳಗ್ಗೆಯೂ ಸುರೀತಿತ್ತು. ಚೋಕ್ ಎಳೆದು ಕೀ ತಿರುಗಿಸಿದೆ. ಒಂದೇ ಸೆಲ್ಫಿಗೆ ಹಿಡಿಯಿತು. ಹಿಂದೆ ಹೋಗಿ ಸೈಲೆನ್ಸರ್ ಬಾಯಿಗೆ ಒಂದು ಗೇಣು ದೂರದಲ್ಲಿ ಅಂಗೈ ಹಿಡಿದೆ. ಮಿಸ್ಸಿಂಗ್ ಇದ್ದಾಗ ಅಲ್ಲಿ ಗಾಳಿ ತಡವರಿಸುತ್ತಿತ್ತು, ಮಧ್ಯೆ ಮಧ್ಯೆ ಒಳಗೆ ಎಳೆದ ಹಾಗೆ. ಈಗ ಒಂದೇ ಸಮ.

ಅಪ್ಪಯ್ಯನನ್ನು ಕೂರಿಸಿಕೊಂಡು ಆಗುಂಬೆ ಕಡೆ ಹೊರಟೆ. ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಊರು, ಪಸೆಗೆ ಅದಕ್ಕಿಂತ ಒಳ್ಳೇ ಜಾಗ ಬೇಕಾ? ಘಾಟಿ ಇಳಿದು ಸೋಮೇಶ್ವರದಲ್ಲಿ ಚಹಾ ಕುಡಿದು, ಬೇಕಂತಲೇ ಬಾನೆಟ್ ತೆರೆದು ಗಾಡಿ ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆವು. ಆಮೇಲೆ ಹತ್ತಿದೆವು. ಹದಿನಾಲ್ಕು ತಿರುವು. ವೈಪರ್ ಪೂರ್ತಿ ಸ್ಪೀಡಿನಲ್ಲಿದ್ದರೂ ಮುಂದೆ ಬರೀ ಬಿಳಿ. ಫಸ್ಟು, ಸೆಕೆಂಡು, ಮತ್ತೆ ಫಸ್ಟು.

ಅಪ್ಪಯ್ಯ ಒಂದು ಮಾತೂ ಆಡಲಿಲ್ಲ. ಗ್ಲಾಸ್ ಎರಡು ಬೆರಳು ಇಳಿಸಿ ಇಂಜಿನ್ ಕೇಳುತ್ತಾ ಕೂತಿದ್ದರು. ಮಳೆ ಒಳಗೆ ಬಂದು ತೋಳು ಒದ್ದೆಯಾದರೂ ಗ್ಲಾಸ್ ಏರಿಸಲಿಲ್ಲ. ಹದಿನಾಲ್ಕನೇ ತಿರುವು ದಾಟಿ ಮೇಲೆ ಬಂದ ಮೇಲೆ ಏರಿಸಿದರು. "ಮೂರೂ ಹೊಡೀತಿದೆ," ಅಂದರು.