ತಾತನಿಗೆ ಐದು ಗಂಟೆಯ ಬಸ್ಸು

ನಮಸ್ಕಾರ. ಕೆಂಗೇರಿ ಕಡೆಯ ಒಂದು ವೃದ್ಧಾಶ್ರಮದಲ್ಲಿ ಒಂಬತ್ತು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಯಾರಿಗೆ ಹೇಳಿದರೂ ‘ಪುಣ್ಯದ ಕೆಲಸ ಬಿಡಮ್ಮ’ ಅನ್ನುತ್ತಾರೆ. ಪುಣ್ಯ ಇರಲಿ, ಇದನ್ನೂ ಕಲಿಯಬೇಕು ಅಂತ ಮಾತ್ರ ಯಾರಿಗೂ ಅನ್ನಿಸಲ್ಲ.

ನಮ್ಮದು 12 ಗಂಟೆಯ ಪಾಳಿ. ಬೆಳಿಗ್ಗೆ 8ಕ್ಕೆ ಹೋದ ತಕ್ಷಣ ರಾತ್ರಿಯವರು ಯಾರು ಮಲಗಲಿಲ್ಲ, ಯಾರು ಊಟ ಬಿಟ್ಟರು ಅಂತ ಹೇಳಿ ಹೋಗುತ್ತಾರೆ. ಆಮೇಲೆ ಡೈಪರ್, ಸ್ನಾನ, ತಿಂಡಿ, ಮಾತ್ರೆ. ಇನ್ಸುಲಿನ್ ಚುಚ್ಚುವುದು ಸಿಸ್ಟರ್ ಕೆಲಸ, ಆದರೆ ಆಮೇಲೆ ಅಜ್ಜಿ ಇಡ್ಲಿಗೆ ಬಾಯಿ ತೆರೆಯದೆ ಕೂತರೆ ಶುಗರ್ ಇಳಿದು ಬೆವರತೊಡಗುತ್ತಾರೆ, ಆಗ ಕೈಕಾಲು ಆಡದಂತಾಗುವುದು ನಮಗೆ.

ಮಲಗಿದಲ್ಲೇ ಇರುವವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಇದ್ದರೂ ಅಷ್ಟೇ. ಒಂದೇ ಕಡೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಓಡಲ್ಲ, ಚರ್ಮ ಸಾಯುತ್ತದೆ. ಮೊದಲ ವರ್ಷ ಒಬ್ಬ ಅಮ್ಮ ಚೆನ್ನಾಗಿ ನಿದ್ದೆ ಮಾಡುತ್ತಿದ್ದಾರಲ್ಲ, ಪಾಪ ಅಂತ ಸುಮ್ನೆ ಬಿಟ್ಟೆ. ಎಬ್ಬಿಸಿದಾಗ ಸೊಂಟದ ಕೆಳಗೆ ಅಂಗೈಯಗಲ ಕೆಂಪು. ಅದು ಹುಣ್ಣಾಗಿ, ಮಾಯಲು ಮೂರು ತಿಂಗಳು ಹಿಡಿಯಿತು. ದಿನಾ ಡ್ರೆಸ್ಸಿಂಗ್ ಮಾಡುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ.

ಕಷ್ಟ ಜಾಸ್ತಿ ಸಂಜೆ. ಮರೆವಿನ ಕಾಯಿಲೆ ಇರುವವರಿಗೆ ಹೊತ್ತು ಇಳಿಯುತ್ತಿದ್ದಂತೆ ಗಾಬರಿ ಏರುತ್ತದೆ, ಡಾಕ್ಟರು ಇದಕ್ಕೆ ಸನ್‌ಡೌನಿಂಗ್ ಅನ್ನುತ್ತಾರೆ. ಅದಕ್ಕೇ ಕತ್ತಲಾಗುವ ಮೊದಲೇ ಲೈಟ್ ಹಾಕುತ್ತೇವೆ. ನಮ್ಮಲ್ಲೊಬ್ಬ ತಾತ ಇದ್ದಾರೆ. 1961ರಲ್ಲಿ ಶುರುವಾಯಿತಲ್ಲ, ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿ, ಅಲ್ಲಿ ದುಡಿದವರು. ಐದಾದರೆ ಚಪ್ಪಲಿ ಮೆಟ್ಟಿ ಗೇಟಿಗೆ ಬರುತ್ತಾರೆ, ಬಿಟಿಎಸ್ ಬಸ್ ಹಿಡಿದು ಮನೆಗೆ ಹೋಗಬೇಕಂತೆ. ಬಿಟಿಎಸ್ 1997ರಲ್ಲೇ ಬಿಎಂಟಿಸಿ ಆಯಿತು, ತಾತನಿಗೆ ಆಗಿಲ್ಲ. ‘ನೀವು ರಿಟೈರ್ ಆಗಿದ್ದೀರಿ ತಾತ’ ಅಂತ ವಾದ ಮಾಡಿ ಒಂದು ಏಟೂ ತಿಂದಿದ್ದೇನೆ. ಈಗ ‘ಬಸ್ಸು ಲೇಟಂತೆ ತಾತ, ಅಷ್ಟರಲ್ಲಿ ಒಂದು ಲೋಟ ಕಾಫಿ ಕುಡಿಯೋಣ’ ಅನ್ನುತ್ತೇನೆ. ಸುಳ್ಳು ಅಲ್ವಾ? ಸುಳ್ಳೇ. ಕಾಫಿ ಮುಗಿಯುವಷ್ಟರಲ್ಲಿ ಫ್ಯಾಕ್ಟರಿಯ ಕಥೆ ಶುರುವಾಗಿರುತ್ತದೆ, ಕೈ ಮಾತ್ರ ಖಾಲಿ ಮಣಿಕಟ್ಟಿನ ಮೇಲೆ ಇಲ್ಲದ ವಾಚಿಗೆ ಕೀ ಕೊಡುತ್ತಿರುತ್ತದೆ.

ನೋಡಲು ಬರುವ ಮನೆಯವರಿಗೆ ಒಂದೇ ಮಾತು. ಬಂದವರೇ ಮಂಚದ ಮುಂದೆ ನಿಂತು ‘ನಾನು ಯಾರು ಹೇಳಿ ನೋಡೋಣ’ ಅಂತ ಪರೀಕ್ಷೆ ಇಡಬೇಡಿ. ಹೆಸರು ನೀವೇ ಹೇಳಿ, ಪಕ್ಕ ಕೂತುಕೊಳ್ಳಿ. ಹೋದ ತಿಂಗಳು ಒಬ್ಬರು ಮೂರು ಸಲ ಹಾಗೆ ಕೇಳಿದರು, ಹೆತ್ತ ತಾಯಿಯನ್ನೇ. ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿ, ‘ಯಾಕಪ್ಪ, ನಿನ್ನ ಹೆಸರು ನಿನಗೇ ಗೊತ್ತಿಲ್ವಾ?’ ಅಂದರು. ಅಕ್ಕಪಕ್ಕದ ಮಂಚದವರೆಲ್ಲ ನಕ್ಕರು. ಮಗನಿಗೆ ನಗಲು ಸ್ವಲ್ಪ ಹೊತ್ತು ಬೇಕಾಯಿತು.